ಮುಖ ತೋರದ ನಾಯಕಿ, ಮುನಿಸಿಕೊಳ್ಳದ ಓದುಗರು

ಕಾದಂಬರಿಯೊಂದು ಸಿನಿಮಾ ಆಯಿತೆಂದರೆ ಓದಿದವರ ಮೊದಲ ತಕರಾರು ಮುಖದ ಮೇಲೆಯೇ. ಕತೆ ಎಲ್ಲಿ ತಿರುಗಿತು, ಕೊನೆ ಯಾಕೆ ಬದಲಾಯಿತು ಎಂಬ ಚರ್ಚೆಯೆಲ್ಲ ಆಮೇಲಿನದು. ‘ಅವ್ಳ್ ಹೀಂಗ್ ಇರ್ಲಿಲ್ಲ ಮಾರಾಯ್ರೆ’ ಎಂಬ ಮಾತು ಟಾಕೀಸಿನ ಮೆಟ್ಟಿಲು ಇಳಿಯುವಾಗಲೇ ಬಾಯಿಗೆ ಬಂದಿರುತ್ತದೆ. 1995ರಲ್ಲಿ ತೆರೆ ಕಂಡ ‘ಬೆಳದಿಂಗಳ ಬಾಲೆ’ ನೋಡಿ ಬಂದವರಿಗೆ ಮಾತ್ರ ಹಾಗೆನ್ನಲು ಆಸ್ಪದವೇ ಇರಲಿಲ್ಲ. ನಿರ್ದೇಶಕ ಸುನಿಲ್ ಕುಮಾರ್ ದೇಸಾಯಿ ಕತೆಯ ಹುಡುಗಿಯ ಮುಖವನ್ನು ಕೊನೆಯವರೆಗೂ ತೋರಿಸಲೇ ಇಲ್ಲ.

ಮೂಲ ಕಾದಂಬರಿ ತೆಲುಗಿನದು. ಯಂಡಮೂರಿ ವೀರೇಂದ್ರನಾಥ್ ಬರೆದ ‘ವೆನ್ನೆಲ್ಲೋ ಆಡಪಿಲ್ಲ’. ಚೆಸ್ ಆಟಗಾರನೊಬ್ಬನಿಗೆ ಗುರುತು ಪರಿಚಯವಿಲ್ಲದ ಹುಡುಗಿಯೊಬ್ಬಳ ಫೋನ್ ಬರುತ್ತದೆ. ತಾನು ಯಾರು, ಎಲ್ಲಿದ್ದೇನೆ ಎಂದು ಆಕೆ ಹೇಳುವುದಿಲ್ಲ. ಬುದ್ಧಿವಂತನಲ್ಲವೇ, ಹುಡುಕಿಕೋ ಎಂದು ಸುಳಿವು ಕೊಡುತ್ತಾಳೆ. ಸುಳಿವು ಬಿಡಿಸುತ್ತ ಹೋದಂತೆ ಆತ ಆ ದನಿಗೆ ಸೋಲುತ್ತಾನೆ. ಕತೆಯ ಬಿಗಿಯೆಲ್ಲ ಇರುವುದು ಒಂದು ವಿಳಾಸ ಸಿಗುತ್ತದೋ ಇಲ್ಲವೋ ಎಂಬಲ್ಲಿ. ಸಿಗುವ ಹೊತ್ತಿಗೆ ಆಕೆ ಇಲ್ಲ. (ಚಿತ್ರ ಬಂದು ಮೂವತ್ತು ವರ್ಷ ಆಯಿತು, ಕೊನೆ ಹೇಳಿಬಿಟ್ಟರೆಂದು ಈಗ ಯಾರೂ ಕೋಪಿಸಿಕೊಳ್ಳಲಾರರು.) ತೆರೆಯ ಮೇಲೆ ಗ್ರ್ಯಾಂಡ್‌ಮಾಸ್ಟರ್ ರೇವಂತ್ ಆದವರು ಅನಂತ್ ನಾಗ್. ಕಾಣದ ಹುಡುಗಿಯ ಪಾತ್ರ ಸುಮನ್ ನಗರ್‌ಕರ್ ಅವರದು.

ಉಡುಪಿಗೂ ಕುಂದಾಪುರಕ್ಕೂ ನಡುವೆ ಹೆದ್ದಾರಿಗೆ ಅಂಟಿಕೊಂಡಿರುವ ಸಾಸ್ತಾನದಂಥ ಊರಿಗೆ ಈ ಕತೆ ಹತ್ತಿರವಾಗಲು ಬೇರೆಯೇ ಕಾರಣವಿತ್ತು. ಈಗ ಸಾಸ್ತಾನ ಎಂದರೆ ದಾರಿಹೋಕರಿಗೆ ಟೋಲ್ ಗೇಟ್ ನೆನಪಾಗುತ್ತದೆ. ಈ ರಸ್ತೆ ಇನ್ನೂ ರಾಷ್ಟ್ರೀಯ ಹೆದ್ದಾರಿ 17 ಆಗಿದ್ದ ಕಾಲದಲ್ಲಿ ಕರಾವಳಿಯ ಇಂಥ ಪೇಟೆಗಳ ಗುರುತೆಂದರೆ ಎಸ್‌ಟಿಡಿ ಬೂತ್. ಮನೆಗೊಬ್ಬರಂತೆ ಮುಂಬಯಿಗೋ ಬೆಂಗಳೂರಿಗೋ ಹೋಟೆಲ್ ಕೆಲಸಕ್ಕೆಂದು ಹೋದವರಿದ್ದ ಸೀಮೆ ಇದು. ಗಾಜಿನ ಗೂಡಿನೊಳಗೆ ನಿಂತು, ಕೆಂಪು ಅಂಕೆ ಓಡುವ ಮೀಟರಿನ ಮೇಲೆ ಒಂದು ಕಣ್ಣಿಟ್ಟು ಮಾತಾಡುವುದು. ರಾತ್ರಿ ತಡವಾದ ಮೇಲೆ ದರ ಕಾಲು ಭಾಗಕ್ಕೆ ಇಳಿಯುತ್ತದೆಂದು ಊಟ ಮುಗಿಸಿ ಸಾಲಿನಲ್ಲಿ ನಿಲ್ಲುವುದು. ನಿಶ್ಚಯವಾದ ಹುಡುಗನ ಮುಖ ಸರಿಯಾಗಿ ನೆನಪಿಲ್ಲದಿದ್ದರೂ ದನಿ ಗುರುತು ಹಿಡಿಯುವುದು. ಮುಖ ಕಾಣದೆ ದನಿಯೊಂದನ್ನೇ ನಂಬಿ ತಿಂಗಳುಗಟ್ಟಲೆ ಸಂಬಂಧ ಉಳಿಸಿಕೊಳ್ಳುವುದು ಇಲ್ಲಿನವರಿಗೆ ಕಾದಂಬರಿಕಾರ ಕಲಿಸಬೇಕಾದ ವಿದ್ಯೆ ಆಗಿರಲಿಲ್ಲ.

ಓದು ಕೂಡ ಈ ಊರಿಗೆ ಹೊಸದಲ್ಲ. ಹೆದ್ದಾರಿಯಲ್ಲೇ ಬಡಗಿಗೆ ಸಾಗಿದರೆ ಸಾಲಿಗ್ರಾಮ, ಅದರಾಚೆ ಕೋಟ. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ‘ಇಂದಿರಾಬಾಯಿ’ (1899) ಬರೆದ ವೆಂಕಟರಾಯರ ಹೆಸರಿಗಂಟಿದ ಗುಲ್ವಾಡಿ ಇರುವುದೂ ಕುಂದಾಪುರ ತಾಲ್ಲೂಕಿನಲ್ಲೇ. ಆದರೆ ಮನೆಮನೆಯ ಜಗಲಿಗೆ ಕಾದಂಬರಿಯನ್ನು ತಂದದ್ದು ವಾರಪತ್ರಿಕೆ. 1965ರಲ್ಲಿ ‘ಸುಧಾ’ ಬಂತು, 1983ರಲ್ಲಿ ಮಣಿಪಾಲದಿಂದ ‘ತರಂಗ’. ಧಾರಾವಾಹಿ ಓದುವವರ ಹಸಿವೇ ಬೇರೆ. ಅರ್ಧ ಅಧ್ಯಾಯಕ್ಕೆ ‘ಮುಂದುವರಿಯುವುದು’ ಎಂದು ಬಂದರೆ ಮುಂದಿನ ವಾರದವರೆಗೆ ಕತೆಯನ್ನು ಓದುಗರೇ ಮುಂದುವರಿಸಿಕೊಂಡಿರುತ್ತಾರೆ. ಅಕ್ಕ ಒಂದು ಕೊನೆ ಹೇಳುತ್ತಾಳೆ, ಚಿಕ್ಕಮ್ಮ ಇನ್ನೊಂದು. ಅವರ ಕಲ್ಪನೆಗೆ ನೆರವಾಗುತ್ತಿದ್ದವರು ಪತ್ರಿಕೆಯ ಚಿತ್ರಕಾರರು. ಪುಟದ ಮೇಲ್ತುದಿಯಲ್ಲಿ ಒಂದು ಜಡೆ, ಒಂದು ಓರೆನೋಟ, ಕಿಟಕಿಯ ಸರಳು ಬರೆದುಬಿಟ್ಟರೆ ಸಾಕು, ನಾಯಕಿ ಎಂದರೆ ಅವಳೇ. ಪುಟ ಹರಿದು ಹೊಲಿದು ಮನೆಯಲ್ಲೇ ಪುಸ್ತಕ ಮಾಡಿಟ್ಟುಕೊಂಡವರ ಎದುರು ನಾಲ್ಕು ವರ್ಷ ಕಳೆದು ಬೆಂಗಳೂರಿನ ಒಬ್ಬ ನಟಿಯನ್ನು ತಂದು ‘ಇವಳು ಅವಳು’ ಎಂದರೆ ಯಾರು ಒಪ್ಪುತ್ತಾರೆ?

ಯಂಡಮೂರಿ ಕನ್ನಡದ ಓದುಗರಿಗೆ ಸಿಕ್ಕಿದ್ದು ಇದೇ ದಾರಿಯಲ್ಲಿ. ಲೆಕ್ಕಪತ್ರದ ವೃತ್ತಿಯಿಂದ ಬರವಣಿಗೆಗೆ ಬಂದ ಈ ತೆಲುಗು ಲೇಖಕನನ್ನು ವಂಶಿ, ರಾಜಾ ಚೆಂಡೂರ್ ಮೊದಲಾದವರು ಕನ್ನಡಕ್ಕೆ ತಂದರು. ಮಾಟಮಂತ್ರದ ‘ತುಳಸಿದಳ’ ಎಬ್ಬಿಸಿದ ಗದ್ದಲ ಸಣ್ಣದಲ್ಲ. ಮೂಢನಂಬಿಕೆಗೆ ನೀರೆರೆಯುವ ಇಂಥದ್ದನ್ನು ಅಚ್ಚು ಹಾಕಬಹುದೇ ಎಂದು ವಿಚಾರವಂತರು ಸಿಟ್ಟಾದರು. ಹಾಗೆ ಸಿಟ್ಟಾದವರ ಮನೆಯಲ್ಲೂ ಯಾರೋ ಒಬ್ಬರು ಅದನ್ನು ಬಾಗಿಲು ಮುಚ್ಚಿ ಓದುತ್ತಿದ್ದಿರಬಹುದು. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಕನ್ನಡ ಸಿನಿಮಾ ಮಾಡಿದರು. ತೆಲುಗಿನಲ್ಲಿ ಯಂಡಮೂರಿಯವರ ಕಾದಂಬರಿಗಳನ್ನು ಆಧರಿಸಿ ‘ಅಭಿಲಾಷ’ (1983), ‘ಚಾಲೆಂಜ್’ (1984) ಬಂದಾಗ ನಾಯಕ ಚಿರಂಜೀವಿ. ಅಲ್ಲಿ ಓದುಗರ ತಕರಾರು ಅಭಿಮಾನಿಗಳ ಶಿಳ್ಳೆಯಲ್ಲಿ ಮುಳುಗಿತು ಎಂದರೆ ತಪ್ಪಾಗದು. ನಟ ದೊಡ್ಡವನಾದಷ್ಟೂ ಪಾತ್ರ ಅವನದೇ ಆಗುತ್ತದೆ.

ಹಾಗೆ ಪಾತ್ರವನ್ನು ಲೇಖಕನ ಕೈಯಿಂದಲೇ ಕಸಿದುಕೊಂಡ ಚಿತ್ರ ಕನ್ನಡದಲ್ಲೊಂದಿದೆ. ಅದರ ನಾಯಕನಾದರೋ ಆಗ ಹೊಸಬ.

ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ಚಿತ್ರದುರ್ಗದ ಬಂಡೆಗಳ ನಡುವೆ ರಾಮಾಚಾರಿಯಾಗಿ ವಿಷ್ಣುವರ್ಧನ್, ಅಲಮೇಲು ಆಗಿ ಆರತಿ, ಮಾರ್ಗರೆಟ್ ಆಗಿ ಶುಭಾ, ಚಾಮಯ್ಯ ಮೇಷ್ಟರಾಗಿ ಕೆ.ಎಸ್. ಅಶ್ವತ್ಥ್, ಜಲೀಲ ಎಂಬ ಚಿಕ್ಕ ಪಾತ್ರದಲ್ಲಿ ಅಂಬರೀಷ್. ನಾಡೆಲ್ಲ ಮೆಚ್ಚಿದ ಈ ಚಿತ್ರ ತ.ರಾ.ಸು. ಅವರಿಗೆ ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಎಂದು ಅವರು ಬೇಸರಪಟ್ಟದ್ದು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುವ ಮಾತು. ಲೇಖಕನೇ ತನ್ನ ಕೃತಿಯ ಮೊದಲ ಓದುಗ ಎಂದು ಒಪ್ಪಿಕೊಂಡರೆ ಕನ್ನಡದಲ್ಲಿ ಓದುಗನೊಬ್ಬ ಸಿನಿಮಾದ ಮೇಲೆ ಹೇಳಿದ ಅತಿ ಖಾರದ ವಿಮರ್ಶೆ ಇದೇ.

ತ.ರಾ.ಸು. ಹೇಳಿದ್ದರಲ್ಲಿ ಹುರುಳಿಲ್ಲದೆ ಇಲ್ಲ. ಮೂರು ಪುಸ್ತಕಗಳ ಉದ್ದಕ್ಕೆ ಹರಡಿಕೊಂಡ ಸಿಟ್ಟು, ಸೊಕ್ಕು, ಸೋಲುಗಳನ್ನು ಮೂರು ತಾಸಿಗೆ ತುಂಬಿಸುವಾಗ ವಿಷ ಸ್ವಲ್ಪ ತೆಳುವಾಗಲೇಬೇಕು. ಆದರೆ ವ್ಯಾಜ್ಯದಲ್ಲಿ ಗೆದ್ದವರು ಪುಟ್ಟಣ್ಣನೇ. ಇಂದು ಆ ಕಾದಂಬರಿಗಳನ್ನು ಮೊದಲ ಬಾರಿ ಕೈಗೆತ್ತಿಕೊಳ್ಳುವವನಿಗೆ ಮೊದಲ ಪುಟದಿಂದಲೇ ವಿಷ್ಣುವರ್ಧನ್ ಕಾಣುತ್ತಾರೆ, ಮೇಷ್ಟರು ಬಾಯಿ ತೆರೆದರೆ ಅಶ್ವತ್ಥ್ ಅವರ ದನಿ ಕೇಳುತ್ತದೆ. 1972ಕ್ಕೆ ಮೊದಲು ಓದಿದವರ ಮನಸ್ಸಿನಲ್ಲಿ ಬೇರೊಬ್ಬ ರಾಮಾಚಾರಿ ಇದ್ದಿರಬೇಕಲ್ಲ, ಅವನ ಮೂಗು ಹೇಗಿತ್ತು, ನಡಿಗೆ ಹೇಗಿತ್ತು ಎಂದು ಕೇಳಿದರೆ ಹೇಳಬಲ್ಲವರು ಈಗ ಎಷ್ಟು ಜನ ಉಳಿದಿದ್ದಾರೋ. ಸಿನಿಮಾದ ಮುಖ ಹಳೆಯ ಮುಖಗಳನ್ನು ಅಳಿಸಿಹಾಕುತ್ತದೆ. ಓದುಗರು ಹೆದರುವುದು ಇದಕ್ಕೇ. ಕತೆ ಬದಲಾದರೆ ಪುಸ್ತಕ ತೆಗೆದು ಮತ್ತೆ ಓದಬಹುದು. ಅಳಿಸಿಹೋದ ಮುಖವನ್ನು ತರುವುದು ಎಲ್ಲಿಂದ?

ಓದುಗರ ಈ ಹೆದರಿಕೆಯನ್ನು ಸಿನಿಮಾದವರೂ ಲೆಕ್ಕಕ್ಕೆ ತೆಗೆದುಕೊಂಡದ್ದಕ್ಕೆ ಹೊರಗಿನ ಜಗತ್ತಿನ ಹೆಸರುವಾಸಿ ಉದಾಹರಣೆ ಡ್ಯಾಫ್ನೆ ಡು ಮಾರಿಯೇ ಅವರ ‘ರೆಬೆಕಾ’. 1938ರ ಈ ಕಾದಂಬರಿಯೂ ಪ್ರೇಮ ಮತ್ತು ಪತ್ತೇದಾರಿ ಹೆಣೆದುಕೊಂಡದ್ದೇ. ಎರಡು ವರ್ಷದ ನಂತರ ತೆರೆಗೆ ಬಂದ ಸಿನಿಮಾವನ್ನು ಆಲ್ಫ್ರೆಡ್ ಹಿಚ್‌ಕಾಕ್ ಮಾಡಲು ಹೊರಟಾಗ ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ಅವರ ಮೊದಲ ಚಿತ್ರಕತೆಯನ್ನು ತಿರಸ್ಕರಿಸಿದ. ಲಕ್ಷಾಂತರ ಜನ ಓದಿ ಮೆಚ್ಚಿದ್ದನ್ನು ತಿದ್ದುವ ಉಸಾಬರಿ ಬೇಡ, ಅವರಿಗೆ ಬೇಕಾದದ್ದು ಅದೇ ಪುಸ್ತಕ ಎಂಬುದು ಅವನ ವಾದ. ಇಷ್ಟೆಲ್ಲ ನಿಷ್ಠೆ ಇದ್ದರೂ ಕೊನೆಯಲ್ಲಿ ಒಂದು ದೊಡ್ಡ ಬದಲಾವಣೆ ನುಸುಳಿತು. ಪುಸ್ತಕದಲ್ಲಿ ಗಂಡ ರೆಬೆಕಾಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೊಲೆಗಾರ ಶಿಕ್ಷೆ ತಪ್ಪಿಸಿಕೊಳ್ಳಬಾರದು ಎಂಬ ಹಾಲಿವುಡ್ಡಿನ ಅಂದಿನ ನೀತಿಸಂಹಿತೆಗೆ ಹೆದರಿ ಚಿತ್ರದಲ್ಲಿ ಅವಳ ಸಾವನ್ನು ಆಕಸ್ಮಿಕ ಮಾಡಿದರು. ಓದಿದವರು ಗೊಣಗಿದರು. ಆದರೂ ಚಿತ್ರ ಆಸ್ಕರ್ ಗೆದ್ದಿತು, ಓದುಗರ ಮೆಚ್ಚುಗೆಯನ್ನೂ ಉಳಿಸಿಕೊಂಡಿತು. ಅದಕ್ಕೆ ಇದ್ದ ಹಲವು ಕಾರಣಗಳಲ್ಲಿ ಒಂದು: ಇಡೀ ಕತೆಯನ್ನು ಆಳುವ ಆ ರೆಬೆಕಾಳನ್ನು ಹಿಚ್‌ಕಾಕ್ ಒಂದೇ ಒಂದು ದೃಶ್ಯದಲ್ಲೂ ತೋರಿಸಲಿಲ್ಲ. ಆಕೆಯ ಕೋಣೆ ಇದೆ, ಆಕೆಯ ಬಟ್ಟೆ ಇದೆ, ಆಕೆ ಇಲ್ಲ.

ದೇಸಾಯಿ ಇದನ್ನು ನೋಡಿ ಕಲಿತರೆಂದು ಹೇಳುವ ಅಗತ್ಯವಿಲ್ಲ. ಕತೆಯೇ ಹಾಗಿತ್ತು. ರೇವಂತ್‌ಗೆ ಕಾಣದವಳು ಪ್ರೇಕ್ಷಕರಿಗೆ ಯಾಕೆ ಕಾಣಬೇಕು? ಆದರೂ ತೋರಿಸದೆ ಇರುವುದಕ್ಕೆ ಧೈರ್ಯ ಬೇಕಿತ್ತು. ನಾಯಕಿಯ ಮುಖವಿಲ್ಲದ ಚಿತ್ರಕ್ಕೆ ದುಡ್ಡು ಹಾಕುವವರು ಮೊದಲು ಪೋಸ್ಟರಿನ ಬಗ್ಗೆ ಯೋಚಿಸುತ್ತಾರೆ. ‘ತರ್ಕ’ (1989), ‘ಉತ್ಕರ್ಷ’ (1990), ‘ನಿಷ್ಕರ್ಷ’ (1993) ಮಾಡಿದ್ದ ನಿರ್ದೇಶಕನಿಗೆ ಬಿಗಿ ಬಿಡದೆ ಕತೆ ಹೇಳುವುದು ಹೊಸದಲ್ಲ. ಹೆಣ ಬೀಳಿಸದೆ ಬಿಗಿ ಹಿಡಿಯುವುದು ಈ ಸಲದ ಪರೀಕ್ಷೆ. ಮುಖ ಮರೆಮಾಡಿದ್ದರಿಂದ ಕಾದಂಬರಿ ಓದಿದವರೂ ಓದದವರೂ ಟಾಕೀಸಿನ ಒಳಗೆ ಸಮಸಮ ಕೂತರು. ಓದಿದವರು ತಮ್ಮ ಹುಡುಗಿಯನ್ನು ಮನೆಯಿಂದಲೇ ಕರೆತಂದಿದ್ದರು, ಓದದವರು ಅಲ್ಲೇ ಕಟ್ಟಿಕೊಂಡರು.

ಕರಾವಳಿಯ ಪ್ರೇಕ್ಷಕರ ಬಗ್ಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಕತೆ ಬದಲಾಯಿಸಿದರೆ ಸಿಡುಕುವ ಜನ ಇವರಲ್ಲ. ಸಾಸ್ತಾನದ ಪಕ್ಕದ ಗುಂಡ್ಮಿ, ಐರೋಡಿ, ಸಾಲಿಗ್ರಾಮಗಳಲ್ಲಿ ಯಕ್ಷಗಾನ ಕಲಿಸುವವರೂ ಇದ್ದಾರೆ, ಡೇರೆ ಮೇಳ ಕಟ್ಟಿದವರೂ ಇದ್ದಾರೆ. ಭೀಷ್ಮ ವಿಜಯದ ಕತೆ ಗೊತ್ತಿಲ್ಲದವರು ಯಾರೂ ಆಟಕ್ಕೆ ಬರುವುದಿಲ್ಲ. ಕಳೆದ ವರ್ಷದ ಭೀಷ್ಮ ಹೇಳಿದ ಅರ್ಥಕ್ಕೂ ಈ ವರ್ಷದವನು ಹೇಳುವ ಅರ್ಥಕ್ಕೂ ತಾಳೆ ಹಾಕಲೆಂದೇ ಬರುತ್ತಾರೆ. ಒಬ್ಬನ ಅಂಬೆ ಕಣ್ಣೀರಿಟ್ಟರೆ ಇನ್ನೊಬ್ಬನ ಅಂಬೆ ಕೆಂಡ ಕಾರಬಹುದು. ಎರಡೂ ಸರಿಯೇ. ಮೂಲದಲ್ಲಿ ಹೀಗಿಲ್ಲ ಎಂದು ಎದ್ದು ಹೋಗುವವರನ್ನು ಕಾಣುವುದಿಲ್ಲ. ಸಿನಿಮಾ ಕತೆಯ ನೆರಳು ಬಿದ್ದ ಹೊಸ ಪ್ರಸಂಗಗಳು ರಂಗಕ್ಕೆ ಬಂದಾಗಲೂ ಮಡಿವಂತರು ಮೂಗು ಮುರಿದರೇ ಹೊರತು ಡೇರೆ ಖಾಲಿ ಬೀಳಲಿಲ್ಲ.

ಹಾಗಾದರೆ ಅದೇ ಜನ ಕಾದಂಬರಿಯ ಸಿನಿಮಾಕ್ಕೆ ಹೋದಾಗ ಮಾತ್ರ ಯಾಕೆ ಜಿಪುಣರಾಗುತ್ತಾರೆ? ಅಂಬೆಯನ್ನು ಯಾರೂ ಒಂಟಿಯಾಗಿ ಕಂಡವರಲ್ಲ. ಹುಟ್ಟಿದಾಗಿನಿಂದ ಊರಿಗೆ ಊರೇ ಕೂತು, ವೇಷ ಹಾಕಿದ ಗಂಡಸರಲ್ಲಿ ಅವಳನ್ನು ಕಂಡದ್ದು. ಆ ಪಾತ್ರಕ್ಕೆ ಸ್ವಂತ ಮುಖವೇ ಇಲ್ಲ, ಬಣ್ಣವಷ್ಟೇ ಇರುವುದು. ವಾರಪತ್ರಿಕೆಯ ನಾಯಕಿ ಹಾಗಲ್ಲ. ಅವಳನ್ನು ಓದಿದ್ದು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಅಥವಾ ಕುಂದಾಪುರದ ಕಾಲೇಜಿಗೆ ಹೋಗುವ ಬಸ್ಸಿನ ಕಿಟಕಿ ಬದಿ ಸೀಟಿನಲ್ಲಿ. ಅವಳಿಗೆ ಸಾಕ್ಷಿ ಒಬ್ಬರೇ. ಆ ಒಬ್ಬರ ಹುಡುಗಿಯನ್ನು ಉಡುಪಿಯ ಅಲಂಕಾರ್ ಟಾಕೀಸಿನಲ್ಲೋ ಕಲ್ಪನಾ ಟಾಕೀಸಿನಲ್ಲೋ ನೂರಾರು ಜನರ ನಡುವೆ ಕೂತು ನೋಡಬೇಕಾಗಿ ಬಂದಾಗ ಏನೋ ಕಳೆದುಕೊಂಡಂತಾಗುವುದು ಸಹಜ.

ಮುಖದಷ್ಟೇ ಈ ಭಾಗದವರನ್ನು ಕಾಡುವ ಇನ್ನೊಂದು ಸಂಗತಿ ಮಾತು. ಕುಂದಾಪ್ರ ಕನ್ನಡ ಆಡುವ ಪಾತ್ರ ತೆರೆಗೆ ಬರುವಷ್ಟರಲ್ಲಿ ಮೈಸೂರು ಸೀಮೆಯ ಕನ್ನಡ ಆಡತೊಡಗಿದರೆ ಇಲ್ಲಿಯವರಿಗೆ ಅವರು ಬೇರೆ ಮನುಷ್ಯರೇ. ಕುಂದಾಪುರದವರೇ ಆದ ವೈದೇಹಿಯವರ ಕತೆಗಳನ್ನು ಆಧರಿಸಿ ಚಂಪಾ ಶೆಟ್ಟಿ 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಮಾಡಿದಾಗ ಮಾತನ್ನು ಹಾಗೆಯೇ ಉಳಿಸಿಕೊಂಡದ್ದು ದೊಡ್ಡ ಸಮಾಧಾನ ತಂದಿತು. ಅದಕ್ಕೂ ಹತ್ತು ವರ್ಷ ಮೊದಲು ಗಿರೀಶ್ ಕಾಸರವಳ್ಳಿ ವೈದೇಹಿಯವರದೇ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕತೆಯನ್ನು ಎತ್ತಿಕೊಂಡು ಬಹುತೇಕ ಬೇರೆಯೇ ಚಿತ್ರ ಮಾಡಿದ್ದರು. ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಚಿತ್ರದಲ್ಲಿ ಬರುವುದು ಟಿವಿ ಮತ್ತು ಡಿಶ್ ಆಂಟೆನಾ, ಜತೆಗೆ ತೊಂಬತ್ತರ ದಶಕದ ಕೋಮು ಬಿರುಕು. ಸೂಲಗಿತ್ತಿ ಗುಲಾಬಿಯಾಗಿ ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದರು. ಮೂಲ ಕತೆಯ ನಗು, ಹೆಂಗಸರೆಲ್ಲ ಮೊದಲ ಬಾರಿ ಟಾಕೀಸಿನತ್ತ ಹೊರಡುವ ಆ ಸಂಭ್ರಮ ಚಿತ್ರದಲ್ಲಿ ಇಲ್ಲ ಎಂಬುದು ನಿಜ. ಆದರೆ ಕಾಸರವಳ್ಳಿ ಕತೆಯನ್ನು ಕೆಡಿಸಿದರು ಎನ್ನುವುದಕ್ಕಿಂತ, ಅದರ ಪಕ್ಕದಲ್ಲಿ ತಮ್ಮದೊಂದು ಇಟ್ಟರು ಎನ್ನುವುದೇ ನ್ಯಾಯ. ಅರ್ಥಗಾರಿಕೆಗೆ ಒಗ್ಗಿದ ಕಿವಿಗೆ ಇದು ಬೇಗ ಅರ್ಥವಾಗಬೇಕು.

‘ಬೆಳದಿಂಗಳ ಬಾಲೆ’ಗೆ ಮರಳಿದರೆ, ನಾಯಕಿಯ ವಿಷಯದಲ್ಲಿ ತಪ್ಪಿಸಿಕೊಂಡ ತಕರಾರು ನಾಯಕನ ಮೇಲೆ ಬಿತ್ತು. 1948ರಲ್ಲಿ ಹುಟ್ಟಿದ ಅನಂತ್ ನಾಗ್‌ಗೆ ಚಿತ್ರ ಬಂದಾಗ ನಲವತ್ತೇಳರ ಆಸುಪಾಸು. ಪುಸ್ತಕ ಓದುತ್ತ ತನ್ನದೇ ವಯಸ್ಸಿನ ಚೆಸ್ ಆಟಗಾರನನ್ನು ಊಹಿಸಿಕೊಂಡ ಕಾಲೇಜು ಹುಡುಗಿಗೆ ಇದು ಕೊಂಚ ಹೆಚ್ಚೇ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಗ್ಯಾರಿ ಕಾಸ್ಪರೋವ್ ಎದುರು ವಿಶ್ವ ಕಿರೀಟಕ್ಕೆ ಆಡುತ್ತಿದ್ದ ವಿಶ್ವನಾಥನ್ ಆನಂದ್‌ಗೆ ಇಪ್ಪತ್ತೈದು ವರ್ಷ. ನಿಜವಾದ ಗ್ರ್ಯಾಂಡ್‌ಮಾಸ್ಟರನ ಫೋಟೊ ಪೇಪರಿನ ಆಟದ ಪುಟದಲ್ಲೇ ಇತ್ತು. ಹಾಗಿದ್ದೂ ಅನಂತ್ ನಾಗ್ ಗೆದ್ದದ್ದು ಹೇಗೆ? ಉತ್ತರ ಕನ್ನಡದ ಶಿರಾಲಿಯ ಚಿತ್ರಾಪುರ ಮಠದ ನಂಟಿನ ಈ ನಟ ಇಲ್ಲಿಯವರಿಗೆ ಬೈಂದೂರು ದಾಟಿದ ಮೇಲಿನ ಊರಿನವರು, ನಮ್ಮ ಕಡೆಯವರು ಎಂಬ ಸಲಿಗೆ ಇದ್ದೇ ಇದೆ. ಮುಖ್ಯ ಕಾರಣ ಅದಲ್ಲ. ಕತೆ, ಕಾದಂಬರಿಗಳ ಪಾತ್ರಗಳಿಗೆ ಮುಖ ಕೊಡುವುದೇ ಅವರಿಗೆ ಇಪ್ಪತ್ತು ವರ್ಷದ ರೂಢಿ: ತ.ರಾ.ಸು. ಅವರ ‘ಹಂಸಗೀತೆ’ (1975), ಭಾರತೀಸುತರ ‘ಬಯಲು ದಾರಿ’ (1976), ಅನಂತಮೂರ್ತಿಯವರ ‘ಬರ’ (1982). ಈ ಚಿತ್ರದಲ್ಲಿ ಅವರ ಎದುರು ನಟಿಸಲು ನಾಯಕಿ ಇಲ್ಲ, ಇರುವುದು ಟೆಲಿಫೋನು. ದನಿ ಕೇಳಿದಾಗ ಮುಖದಲ್ಲಿ ಆಗುವ ಬದಲಾವಣೆಯಲ್ಲೇ ಪ್ರೇಕ್ಷಕರು ಆ ಹುಡುಗಿಯನ್ನು ಕಾಣಬೇಕು. ಇಪ್ಪತ್ತೈದರ ಹುಡುಗನಿಂದ ಆಗುತ್ತಿರಲಿಲ್ಲ ಎಂದೇ ಈ ಲೇಖಕನ ಅನಿಸಿಕೆ. ಒಪ್ಪದವರು ಒಪ್ಪದೆ ಇರಬಹುದು.

ಕೊನೆಯ ಬಗ್ಗೆಯೂ ಎರಡು ಪಕ್ಷ ಇದ್ದೇ ಇವೆ. ಹುಡುಗಿಯನ್ನು ಸಾಯಿಸಿದ್ದು ಅನ್ಯಾಯ, ಅಷ್ಟು ಹುಡುಕಿಸಿ ಕೊನೆಗೆ ಖಾಲಿ ಕೈ ಮಾಡುವುದು ಲೇಖಕನ ಕುಯುಕ್ತಿ ಎನ್ನುವವರದು ಒಂದು. ಸಿಕ್ಕಿದ್ದರೆ ಮುಖ ತೋರಿಸಬೇಕಾಗುತ್ತಿತ್ತು, ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು ಎನ್ನುವವರದು ಇನ್ನೊಂದು. ಕಾದಂಬರಿ ಓದಿ ಅತ್ತವರು ಮೊದಲ ಪಕ್ಷದಲ್ಲೂ ಸಿನಿಮಾ ನೋಡಿ ಸುಮ್ಮನಾದವರು ಎರಡನೆಯದರಲ್ಲೂ ಹೆಚ್ಚಾಗಿ ಸಿಗುತ್ತಾರೆ.

ಇಂದಿನ ಹುಡುಗರಿಗೆ ಕತೆ ಹೇಳಿದರೆ ಅವರ ಪ್ರಶ್ನೆಯೇ ಬೇರೆ: ನಂಬರ್ ಕಾಣ್ತಿರ್ಲಿಲ್ವಾ? ಕಾಣುತ್ತಿರಲಿಲ್ಲ. ಲ್ಯಾಂಡ್‌ಲೈನ್ ರಿಂಗಾದರೆ ಎತ್ತಿ ‘ಹಲೋ, ಯಾರು ಮಾತಾಡ್ದು’ ಎಂದು ಕೇಳುವುದೊಂದೇ ದಾರಿ. ತಮಾಷೆಯೆಂದರೆ ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ದೆಹಲಿಗೆ. ಚಿತ್ರ ಬಂದ ಅದೇ ವರ್ಷ. ಇನ್ನು ಹತ್ತು ವರ್ಷ ತಡವಾಗಿದ್ದರೆ ರೇವಂತ್ ಮೊದಲ ದಿನವೇ ಆ ನಂಬರಿಗೆ ತಿರುಗಿ ಫೋನ್ ಮಾಡುತ್ತಿದ್ದ, ಕಾದಂಬರಿ ಎರಡನೇ ಅಧ್ಯಾಯಕ್ಕೆ ಮುಗಿಯುತ್ತಿತ್ತು. ಸಾಸ್ತಾನದ ಹೆದ್ದಾರಿ ಅಗಲವಾಯಿತು, ಬೂತ್‌ಗಳಿದ್ದ ಅಂಗಡಿಗಳಲ್ಲಿ ಮೊಬೈಲ್ ರಿಪೇರಿಯೋ ಮತ್ತೊಂದೋ ಬಂತು. ಈ ಕತೆಯನ್ನು ಮರುನಿರ್ಮಾಣ ಮಾಡಹೊರಟವರು ಮೊದಲು ಫೋನಿನ ಕಾಲವನ್ನೇ ಹಿಂದಕ್ಕೆ ತರಬೇಕು.

ಓದುಗರು ಖುಷಿಪಟ್ಟ ಈ ಇಡೀ ವ್ಯವಹಾರದಲ್ಲಿ ನಷ್ಟವಾದದ್ದು ಒಬ್ಬರಿಗೆ. ನಟಿಯೊಬ್ಬರಿಗೆ ದೊಡ್ಡ ಚಿತ್ರದ ಹೆಸರಿನ ಪಾತ್ರವೇ ಸಿಕ್ಕಿ, ಅದರಲ್ಲಿ ಮುಖ ಮಾತ್ರ ಕಾಣಿಸಬಾರದು ಎಂದರೆ ಅದಕ್ಕಿಂತ ವಿಚಿತ್ರ ಅದೃಷ್ಟ ಇನ್ನೇನಿದೆ. ಆರತಿಯನ್ನು ‘ಅಲಮೇಲು’ ಎಂದು ಜನ ಗುರುತಿಸಿದರು, ಕಲ್ಪನಾ ಎದುರು ಬಂದರೆ ‘ಶರಪಂಜರದ ಕಾವೇರಿ’ ಎಂದರು. ಸುಮನ್ ನಗರ್‌ಕರ್ ಸಾಸ್ತಾನದ ಬಸ್ ಸ್ಟಾಂಡಿನಲ್ಲಿ ಇಳಿದು ನಿಂತಿದ್ದರೆ, ಹಿಂದಿನ ರಾತ್ರಿಯಷ್ಟೇ ಆ ಚಿತ್ರ ನೋಡಿ ಕಣ್ಣು ಒರೆಸಿಕೊಂಡವರೂ ಕುಂದಾಪುರದ ಬಸ್ಸು ಹೋಯಿತಾ ಎಂದು ಅವರನ್ನೇ ಕೇಳುತ್ತಿದ್ದರು.